ಗೆಜ್ಜೆ ಇಲ್ಲದ ಪುಂಡುವೇಷ

ನಾನು ಚಿಕ್ಕವನಿದ್ದಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ನಗಬೇಡಿ ಮಕ್ಕಳೇ! ಈಗ ಎರಡು ಮೆಟ್ಟಿಲು ಹತ್ತಿ "ಅಯ್ಯೋ ಸೊಂಟ" ಎನ್ನುವ ಇದೇ ಅಜ್ಜ ಹನ್ನೊಂದನೆಯ ವಯಸ್ಸಿನಲ್ಲಿ ನಿಂತ ಜಾಗದಿಂದ ಮೇಲಕ್ಕೆ ಹಾರಿ, ಗಾಳಿಯಲ್ಲೇ ಒಂದು ಸುತ್ತು ತಿರುಗಿ, ಬೆಕ್ಕಿನ ಹಾಗೆ ಇಳಿಯುತ್ತಿದ್ದ. ಯಕ್ಷಗಾನದಲ್ಲಿ ಅದಕ್ಕೆ ದಿಗಿಣ ಎನ್ನುತ್ತಾರೆ. ಬಾವಿಕಟ್ಟೆಯ ಹತ್ತಿರ ದಿಗಿಣ, ಇಗರ್ಜಿಯ ಅಂಗಳದಲ್ಲಿ ದಿಗಿಣ, ಗೇರುಬೀಜ ಹೆಕ್ಕಲು ಕಳಿಸಿದರೆ ಅಲ್ಲೂ ದಿಗಿಣ. "ಇವನ ಕಾಲಿಗೆ ಎಂತ, ಇರುವೆ ಕಚ್ಚಿದೆಯಾ?" ಎಂದು ಅಮ್ಮ ಬೈಯುತ್ತಿದ್ದರು.

ಕುಂಬಳೆಯಿಂದ ಒಳಗೆ ಹೋದರೆ ಒಂದು ಕೆಂಪು ಕಲ್ಲಿನ ಗುಡ್ಡ. ಅದರ ನೆತ್ತಿಯಲ್ಲಿ ಇಗರ್ಜಿ, ಇಗರ್ಜಿಯ ಹಿಂದೆ ನಮ್ಮ ಮನೆ. ಇಗರ್ಜಿಯ ಗಂಟೆ ಹೊಡೆಯುವುದು, ಮೇಣದ ಬತ್ತಿ ಹಚ್ಚುವುದು, ಪಾದ್ರಿಗಳ ಪೂಜೆಗೆ ಎಲ್ಲ ಸಿದ್ಧ ಮಾಡುವುದು ಅಪ್ಪನ ಕೆಲಸ. ಮನೆಯಲ್ಲಿ ನಾವು ಕೊಂಕಣಿ ಮಾತಾಡುತ್ತಿದ್ದೆವು, ಗೆಳೆಯರೊಡನೆ ತುಳು, ಶಾಲೆಯಲ್ಲಿ ಕನ್ನಡ. ಆದರೆ ಚೆಂಡೆಯ ಸದ್ದು ಕೇಳಿದೊಡನೆ ಕೂತಲ್ಲೇ ಮೊಣಕಾಲು ಕುಣಿಯುವ ಕಾಯಿಲೆ ಮಾತ್ರ ನಮ್ಮೂರಿನ ಎಲ್ಲ ಮಕ್ಕಳಿಗೂ ಒಂದೇ ರೀತಿ ತಗಲಿತ್ತು. ಅದಕ್ಕೆ ಯಾವ ವೈದ್ಯರ ಬಳಿಯೂ ಮದ್ದು ಇರಲಿಲ್ಲ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳದ್ದೇ ಯಕ್ಷಗಾನ ಎಂದು ತೀರ್ಮಾನವಾಯಿತು. ನಮ್ಮ ಕನ್ನಡ ಮಾಷ್ಟ್ರು ದೊಡ್ಡ ಭಾಗವತರು, ಎಂದರೆ ಪದ್ಯ ಹಾಡಿ ಆಟವನ್ನೇ ನಡೆಸುವವರು. ಅವರ ಸ್ವರ ಎತ್ತಿದರೆ ಎದುರು ಗುಡ್ಡಕ್ಕೆ ಕೇಳುತ್ತಿತ್ತು, ಅವರ ಸಿಟ್ಟು ಇನ್ನೂ ಆಚೆ ಗುಡ್ಡಕ್ಕೆ. ಅವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕುಣಿಸಿದರು. ನಾನು ಒಂದೇ ಉಸಿರಿಗೆ ಎಂಟು ದಿಗಿಣ ಹೊಡೆದೆ. "ಪುಂಡುವೇಷ ಇವನಿಗೆ" ಎಂದುಬಿಟ್ಟರು. ಪುಂಡುವೇಷ ಎಂದರೆ ಎಳೆಯ ವೀರ. ಇಡೀ ಆಟದಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿಯುವವನು ಅವನೇ. ನಾನು ಮನೆಗೆ ನಡೆದು ಹೋದೆನೋ ಹಾರಿ ಹೋದೆನೋ ನನಗೇ ನೆನಪಿಲ್ಲ.

ಎಲ್ಲರಿಗೂ ಖುಷಿಯಾಗಲಿಲ್ಲ. ನಮ್ಮ ಕಡೆಯ ಕ್ರೈಸ್ತ ಮನೆಗಳಿಗೆಲ್ಲ ಹಿರಿಯರಾದ ಗುರ್ಕಾರರು ಒಂದು ಸಂಜೆ ಬಂದು ಜಗಲಿಯಲ್ಲಿ ಕೂತರು. "ಇಗರ್ಜಿಯ ಗಂಟೆ ಹೊಡೆಯುವವನ ಮಗ ಮುಖಕ್ಕೆ ಬಣ್ಣ ಹಚ್ಚುದಾ?" ಎಂದು ಕೇಳಿದರು. ಅಪ್ಪ ಅವರಿಗೆ ಬೆಲ್ಲ, ನೀರು ತಂದಿಟ್ಟು, "ಬಣ್ಣ ತೊಳೆದರೆ ಹೋಗ್ತದೆ ಗುರ್ಕಾರರೇ" ಎಂದರು. ಗುರ್ಕಾರರು ಬೆಲ್ಲ ಮುಟ್ಟದೆ ಎದ್ದು ಹೋದರು. ಅವರು ಗೇಟು ದಾಟಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಬಣ್ಣ ಮುಖಕ್ಕೆ ಮಾತ್ರ. ಒಳಗೆ ತಾಗದ ಹಾಗೆ ನೋಡಿಕೊ" ಎಂದರು. ಬಣ್ಣ ಒಳಗೆ ಹೇಗೆ ತಾಗುತ್ತದೆ ಎಂದು ನನಗೆ ಅರ್ಥವಾಗಲಿಲ್ಲ. ಕೇಳುವ ಪುರುಸೊತ್ತೂ ಇರಲಿಲ್ಲ, ಅಭ್ಯಾಸಕ್ಕೆ ಹೊತ್ತಾಗಿತ್ತು.

ಮೂರು ತಿಂಗಳ ಅಭ್ಯಾಸ! ಸಂಜೆ ಶಾಲೆ ಬಿಟ್ಟ ಮೇಲೆ ಮಾಷ್ಟ್ರು ಕಪಾಟಿನಿಂದ ಗೆಜ್ಜೆಗಳನ್ನು ತೆಗೆದುಕೊಡುತ್ತಿದ್ದರು. ಕಾಲಿಗೆ ಕಟ್ಟಿ ಒಂದು ಹೆಜ್ಜೆ ಹಾಕಿದರೆ ಸಾಕು, ಝಲ್ ಎಂದು ಮೈಯೆಲ್ಲ ಎಚ್ಚರವಾಗುತ್ತಿತ್ತು. ನಾನು ತಾಳ ಹಿಡಿದದ್ದೇ ಆ ಸದ್ದಿನಿಂದ. ಕಿವಿ ಗೆಜ್ಜೆಯನ್ನು ಕೇಳುತ್ತಿತ್ತು, ಕಾಲು ಕಿವಿಯನ್ನು ಕೇಳುತ್ತಿತ್ತು.

ಕೊನೆಗೂ ಆ ದಿನ ಬಂತು. ಗೇರು ಹಣ್ಣಾಗುವ ಕಾಲ. ಗುಡ್ಡವಿಡೀ ಆ ಹಣ್ಣಿನ ಒಗರು ವಾಸನೆ. ಶಾಲೆಯ ಅಂಗಳಕ್ಕೆ ತೆಂಗಿನ ಮಡಲಿನ ಚಪ್ಪರ, ಬಣ್ಣದ ಕಾಗದದ ಮಾಲೆ. ಬೆಂಚುಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ ರಂಗಸ್ಥಳ ಮಾಡಿದ್ದರು. ಮಕ್ಕಳು ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಆಟ ಸಂಜೆ ನಾಲ್ಕಕ್ಕೇ ಶುರುವಾಗುವುದಿತ್ತು. ಬೆಳಿಗ್ಗೆಯೇ ನಮ್ಮೂರಿನ ಮುಸ್ಲಿಂ ಹಿರಿಯರಾದ ಬ್ಯಾರಿ ಕಾಕ ಒಬ್ಬರು ಗೇಟಿನ ಹತ್ತಿರ ಶರಬತ್ತಿನ ಮೇಜು ಇಟ್ಟು, ಕೆಂಪು ನೀಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದರು. "ಓ ಪುಂಡುವೇಷ, ಗೆದ್ದು ಬಾ, ಒಂದು ಗ್ಲಾಸು ನನ್ನ ಲೆಕ್ಕದಲ್ಲಿ" ಎಂದು ನನ್ನನ್ನು ಕರೆದು ಹೇಳಿದರು. ನನ್ನ ಎದೆ ಎರಡಂಗುಲ ಉಬ್ಬಿತು.

ಅಷ್ಟರಲ್ಲಿ ಮಾಷ್ಟ್ರು ನಮ್ಮನ್ನೆಲ್ಲ ಕರೆದು ಕೂರಿಸಿದರು. "ಕೇಳಿ. ಎರಡೂವರೆಗೆ ಎಲ್ಲರೂ ಮಿಂದು ಚೌಕಿಗೆ ಬರಬೇಕು" ಎಂದರು. ಚೌಕಿ ಎಂದರೆ ಬಣ್ಣ ಹಚ್ಚುವ ಕೋಣೆ. ಐದನೆಯ ತರಗತಿಯ ಕೋಣೆಯೇ ಅಂದು ನಮ್ಮ ಚೌಕಿ. "ಅಲ್ಲಿ ಗಣಪತಿಯನ್ನು ಇಟ್ಟು ಪೂಜೆ ಉಂಟು. ನಿಮ್ಮ ಗೆಜ್ಜೆಗಳನ್ನು ದೇವರ ಮುಂದೆ ಇಡ್ತೇನೆ. ಒಮ್ಮೆ ಇಟ್ಟ ಮೇಲೆ ಅದು ದೇವರದ್ದು. ವೇಷ ಆದ ಮೇಲೆ ಒಬ್ಬೊಬ್ಬರೇ ಅಡ್ಡಬಿದ್ದು, ಅವನಲ್ಲಿ ಕೇಳಿಕೊಂಡು, ನಿಮ್ಮ ಗೆಜ್ಜೆ ತೆಗೆದುಕೊಳ್ಳಬೇಕು. ನಮ್ಮ ಹಿರಿಯರ ಕ್ರಮ ಅದು."

ಎಲ್ಲರೂ "ಆಯ್ತು ಮಾಷ್ಟ್ರೇ" ಎಂದರು. ನಾನು ಮಾತ್ರ ಕಾಲಿನ ಹೆಬ್ಬೆರಳನ್ನು ನೋಡುತ್ತಾ ಕೂತೆ. ನಮ್ಮ ಮನೆಯಲ್ಲಿ ಏಸುವಿನ ಮುಂದೆ ಮಾತ್ರ ಮೊಣಕಾಲೂರುವುದು, ಬೇರೆಲ್ಲೂ ಇಲ್ಲ. ಗಣಪತಿಯನ್ನು ಕಂಡರೆ ನನಗೆ ಹೆದರಿಕೆಯಾಗಲೀ ತಾತ್ಸಾರವಾಗಲೀ ಇರಲಿಲ್ಲ. ಗೆಳೆಯರ ಮನೆಯ ಚೌತಿಯ ಕಡುಬನ್ನು ನಾನು ತಿಂದಷ್ಟು ಅವರೂ ತಿಂದಿರಲಿಕ್ಕಿಲ್ಲ. ಆದರೆ ಅಡ್ಡಬೀಳುವುದು ಬೇರೆಯೇ ಸಂಗತಿ. ಅಡ್ಡಬಿದ್ದರೆ ಮನೆಗೆ ಹೋಗಿ ಯಾವ ಮುಖದಲ್ಲಿ ಪ್ರಾರ್ಥನೆಗೆ ಕೂರುವುದು? ಬೀಳದಿದ್ದರೆ ಪುಂಡುವೇಷ ಹೋಯಿತು! ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಾದೆ ನಾನು.

ಮಧ್ಯಾಹ್ನ ಅಕ್ಕ ಬುತ್ತಿ ತಂದಳು. ನನಗಿಂತ ಮೂರು ವರ್ಷ ದೊಡ್ಡವಳು, ಅದೇ ಶಾಲೆಯ ಎಂಟನೆಯ ತರಗತಿ. ಗೇರುಮರದ ಕೆಳಗೆ ಕೂತು ಕುಚ್ಚಲಕ್ಕಿ ಅನ್ನ, ಮಿಡಿ ಉಪ್ಪಿನಕಾಯಿ ತಿನ್ನುವಾಗ ನಾನು ಅವಳಿಗೆ ಎಲ್ಲವನ್ನೂ ಹೇಳಿದೆ. ಜೊತೆಗೆ ಒಂದು ಉಪಾಯವನ್ನೂ ಹೇಳಿದೆ. ಬೆಳಗ್ಗಿನಿಂದ ತಲೆ ಕೆರೆದು ಕೆರೆದು ಕಂಡುಹಿಡಿದದ್ದು ಅದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು!

"ಹೊರಗಿನಿಂದ ಅಡ್ಡಬೀಳ್ತೇನೆ. ಒಳಗೆ ಮನಸ್ಸಿನಲ್ಲಿ ಏಸುವಿನ ಪ್ರಾರ್ಥನೆ ಹೇಳ್ತೇನೆ. ಯಾರಿಗೆ ಗೊತ್ತಾಗ್ತದೆ?"

ಅಕ್ಕ ಮೆಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ನನ್ನನ್ನೇ ನೋಡಿದಳು. "ಅವರ ದೇವರ ಎದುರು ಬಿದ್ದುಕೊಂಡು ಬೇರೆಯವರನ್ನು ಕರೆಯುದಾ? ಥೂ! ಅದು ಮಾಷ್ಟ್ರಿಗೂ ಮೋಸ, ನಮ್ಮ ಏಸುವಿಗೂ ಮೋಸ. ಒಂದೇ ಸಲಕ್ಕೆ ಇಬ್ಬರಿಗೆ ಟೋಪಿ ಹಾಕುವಷ್ಟು ದೊಡ್ಡ ಜನ ಆದಿಯಾ ನೀನು?"

"ಹಾಗಾದ್ರೆ ನಾನು ಎಂತ ಮಾಡುದು?" ಎಂದು ಕೇಳುವಾಗ ನನಗೆ ಅಳು ಬಂದಿತ್ತು.

"ಆಗುದಿಲ್ಲ ಅಂತ ಬಾಯಿ ಬಿಟ್ಟು ಹೇಳು."

"ವೇಷ ಕೊಡದಿದ್ರೆ?"

ತನ್ನ ತಮ್ಮನೇ ಪುಂಡುವೇಷ ಎಂದು ಅಕ್ಕ ಶಾಲೆಯಿಡೀ ಸಾರಿಕೊಂಡು ಬಂದಿದ್ದವಳು. "ಕೊಡದಿದ್ರೆ ಇಬ್ಬರೂ ಮನೆಗೆ ಹೋಗುವ" ಎಂದಳು, ಸಣ್ಣ ಸ್ವರದಲ್ಲಿ. ಉಳಿದ ಅನ್ನವನ್ನು ಹಾಗೇ ಕಟ್ಟಿಟ್ಟೆವು.

ಎರಡೂವರೆಗೆ ಚೌಕಿಗೆ ಹೋದೆ. ಅಬ್ಬಾ, ಆ ವಾಸನೆ! ತೆಂಗಿನೆಣ್ಣೆಯಲ್ಲಿ ಕಲಸಿದ ಹಳದಿ ಅರದಾಳ, ಕೆಂಪು ಇಂಗಳಿಕ, ಊದುಬತ್ತಿ, ಬೆವರು, ಹಳೆಯ ಜರಿಬಟ್ಟೆ. ಬಣ್ಣ ಹಚ್ಚಲು ಬಂದಿದ್ದ ಅಣ್ಣ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. ತಣ್ಣನೆಯ ಬಣ್ಣ ಕೆನ್ನೆಗೆ ತಾಗಿದಾಗ ಮೈ ಜುಮ್ಮೆಂದಿತು. ಹುಬ್ಬು ಬಂತು, ಕಣ್ಣಿಗೆ ಕಾಡಿಗೆ ಬಂತು, ಹಣೆಗೆ ನಾಮ ಬಂತು. ಎದೆಪದಕ, ಭುಜಕೀರ್ತಿ ಕಟ್ಟಿ, ಕಡೆಗೆ ತಲೆಗೆ ಕಿರೀಟವಿಟ್ಟು ಬಿಗಿದು, ಅಂಗೈಯಗಲದ ಕನ್ನಡಿ ಹಿಡಿದರು. ನೋಡುತ್ತೇನೆ, ಅಲ್ಲಿ ನಾನಿಲ್ಲ! ಯಾವುದೋ ರಾಜಕುಮಾರ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಾನೆ. ಆ ಕ್ಷಣದಲ್ಲಿ, ನಿಜ ಹೇಳುತ್ತೇನೆ ಮಕ್ಕಳೇ, ಅಕ್ಕನ ಮಾತೆಲ್ಲ ಗಾಳಿಗೆ ಹೋಯಿತು. ಒಂದು ಸಲ ಬಿದ್ದು ಎದ್ದರೆ ಮುಗಿಯಿತಲ್ಲ ಎನ್ನಿಸಿತು.

ಪೂಜೆ ಮುಗಿಯಿತು. ದೀಪದ ಮುಂದೆ ಬಾಳೆಲೆ, ಬಾಳೆಲೆಯ ಮೇಲೆ ಒಂಬತ್ತು ಜೊತೆ ಗೆಜ್ಜೆ. ಮಾಷ್ಟ್ರು ಹಣೆಗೆ ಗಂಧ ಹಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದರು. ಅವರ ಮುಖದಲ್ಲಿ ನಾನು ತರಗತಿಯಲ್ಲಿ ಎಂದೂ ಕಾಣದ ಒಂದು ಶಾಂತಿ ಇತ್ತು. ಅವರು ನಿಜವಾಗಿಯೂ ದೇವರ ಹತ್ತಿರ ಮಾತಾಡುತ್ತಿದ್ದರು, ತುಟಿ ಅಲುಗುತ್ತಿತ್ತು. ಅದನ್ನು ನೋಡಿ ನನಗೆ ಒಮ್ಮೆಲೇ ನಾಚಿಕೆಯಾಯಿತು. ಇವರೆದುರು ಸುಳ್ಳುಸುಳ್ಳೇ ಅಡ್ಡಬೀಳುವುದು ಹೇಗೆ?

ಹುಡುಗರು ಒಬ್ಬೊಬ್ಬರೇ ಬಿದ್ದು ಎದ್ದು ಗೆಜ್ಜೆ ತೆಗೆದುಕೊಂಡರು. ಝಲ್, ಝಲ್. ನನ್ನ ಸರದಿ ಬಂತು.

ನಾನು ನಿಂತೇ ಇದ್ದೆ.

"ಎಂತ ನೋಡ್ತಾ ನಿಂತದ್ದು? ಬೀಳು" ಎಂದರು ಮಾಷ್ಟ್ರು.

"ಆಗುದಿಲ್ಲ ಮಾಷ್ಟ್ರೇ."

ಬಣ್ಣದ ಅಣ್ಣ ಹಿಂದಿನಿಂದ ನನ್ನ ಬೆನ್ನು ತಟ್ಟಿದರು. "ಒಂದು ಸಲ ಕೈ ಮುಗಿ ಮಾರಾಯ. ಅಷ್ಟಕ್ಕೆಲ್ಲ ನಿನ್ನ ಏಸು ಬೇಜಾರು ಮಾಡ್ಲಿಕ್ಕಿಲ್ಲ." ಗೆಳೆಯರು "ಮುಗಿಯಾ, ಮುಗಿಯಾ, ಹೊತ್ತಾಯ್ತು" ಎಂದು ಗುಸುಗುಟ್ಟಿದರು. ಒಬ್ಬನಂತೂ "ಆಟ ಹಾಳು ಮಾಡ್ತಾನೆ ಇವ" ಎಂದು ಹಲ್ಲು ಕಚ್ಚಿದ. ಹೊರಗೆ ಜನ ತುಂಬಿದ್ದರು, ಚೆಂಡೆಗೆ ಶ್ರುತಿ ಮಾಡುವ ಸದ್ದು ಕೇಳುತ್ತಿತ್ತು. ಮಾಷ್ಟ್ರ ಮುಖ ಕೆಂಪಾಯಿತು.

"ಯಾಕೆ ಆಗುದಿಲ್ಲ?"

ನನ್ನ ಮೊಣಕಾಲು ಗಡಗಡ ನಡುಗುತ್ತಿತ್ತು. "ನಾನು ಅಡ್ಡಬೀಳುದು ಏಸುವಿಗೆ ಮಾತ್ರ ಮಾಷ್ಟ್ರೇ. ಸುಮ್ಮನೆ ತೋರಿಕೆಗೆ ಬಿದ್ದರೆ ನಿಮ್ಮ ದೇವರಿಗೂ ಮೋಸ, ನನ್ನ ದೇವರಿಗೂ ಮೋಸ... ಅಕ್ಕ ಹೇಳಿದ್ದಾಳೆ."

ಯಾರೋ ಕಿಸಕ್ಕೆಂದು ನಕ್ಕರು. ಮಾಷ್ಟ್ರು ನಗಲಿಲ್ಲ. ನನ್ನನ್ನು ನೋಡಿದರು, ಗೆಜ್ಜೆಯನ್ನು ನೋಡಿದರು. "ಆ ಬದಿಗೆ ನಿಲ್ಲು" ಎಂದಷ್ಟೇ ಹೇಳಿ ಉಳಿದವರನ್ನು ಕರೆದರು. ಬಾಳೆಲೆಯ ಮೇಲೆ ಕೊನೆಗೆ ಒಂದೇ ಜೊತೆ ಉಳಿಯಿತು. ನನ್ನದು.

ಮುಗಿಯಿತು ಎಂದುಕೊಂಡೆ. ಮೂರು ತಿಂಗಳು ಕುಣಿದದ್ದೆಲ್ಲ ನೀರಿನಲ್ಲಿ ಹೋಮ. ಕೈಯೆತ್ತಿ ಕಿರೀಟದ ಗಂಟು ಬಿಚ್ಚತೊಡಗಿದೆ. ಕಣ್ಣೀರು ಇಳಿದು ಬಣ್ಣದೊಳಗೆ ದಾರಿ ಮಾಡಿಕೊಳ್ಳುತ್ತಿತ್ತು. ಬೇಜಾರು ಎಷ್ಟಿತ್ತೆಂದರೆ, ಏಸುವಿನ ಮೇಲೂ ಸ್ವಲ್ಪ ಸಿಟ್ಟು ಬಂತು.

"ಕಿರೀಟ ಬಿಚ್ಚಲಿಕ್ಕೆ ಹೇಳಿದ್ದು ಯಾರು?" ಮಾಷ್ಟ್ರ ಗುಡುಗು. ನಾನು ಬೆಚ್ಚಿಬಿದ್ದೆ. ಅವರು ಹತ್ತಿರ ಬಂದು ಗಂಟನ್ನು ಮತ್ತೆ ತಾವೇ ಬಿಗಿದರು. "ನೋಡು, ಗೆಜ್ಜೆ ಕೊಡ್ಲಿಕ್ಕೆ ನನಗೆ ಅಧಿಕಾರ ಇಲ್ಲ. ಅದು ಅವನದ್ದು. ಅವನಲ್ಲಿ ಕೇಳದೆ ಯಾರೂ ಕಟ್ಟುವ ಹಾಗಿಲ್ಲ. ನಾನು ನನ್ನ ಕ್ರಮ ಬಿಡುದಿಲ್ಲ, ನೀನು ನಿನ್ನದು ಬಿಡಬೇಡ. ಗೆಜ್ಜೆ ಇಲ್ಲದೆ ಕುಣಿತಿಯಾ?"

"ಕುಣಿತೇನೆ" ಎಂದೆ. ಹೇಗೆ ಎಂದು ದೇವರಿಗೇ ಗೊತ್ತು!

ಅವರು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. "ನಿನ್ನ ದೇವರಲ್ಲಿ ಕೇಳಿಕೊಂಡಿಯಾ?"

"ಇಲ್ಲ."

"ಕೇಳಿಕೊ. ದೇವರಲ್ಲಿ ಕೇಳದೆ ರಂಗಕ್ಕೆ ಬರುವವನಿಗೆ ನಾನು ಪದ್ಯ ಹೇಳುದಿಲ್ಲ."

ಅಲ್ಲೇ ಕಿಟಕಿಯ ಕಡೆ ಮುಖ ಮಾಡಿ, ಕಿರೀಟ ಭುಜಕೀರ್ತಿ ಸಮೇತ ಮೊಣಕಾಲೂರಿದೆ. ಎಲ್ಲರೆದುರು, ಗಟ್ಟಿಯಾಗಿ, ಮನೆಯಲ್ಲಿ ಸಂಜೆ ಹೇಳುವ ಕೊಂಕಣಿ ಪ್ರಾರ್ಥನೆ ಹೇಳಿದೆ. ಮಾಷ್ಟ್ರು ಅದು ಮುಗಿಯುವ ತನಕ, ಹೊರಡಲೆಂದು ಮೆಟ್ಟಿದ್ದ ಚಪ್ಪಲಿಯನ್ನು ಮತ್ತೆ ಕಳಚಿ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಹೋಗಿ ಜಾಗಟೆ ಹಿಡಿದು ಕೂತರು.

ಆಟ ಶುರುವಾಯಿತು. ಪರದೆಯ ಹಿಂದೆ ನಿಂತ ನನಗೆ ಕಾಲು ನನ್ನದೇ ಅಲ್ಲ ಎನ್ನಿಸುತ್ತಿತ್ತು, ಅಷ್ಟು ಹಗುರ. ಗೆಜ್ಜೆ ಇಲ್ಲದ ಪುಂಡುವೇಷ ಎಂದರೆ ಉಪ್ಪಿಲ್ಲದ ಗಂಜಿ. ಪರದೆ ಸರಿಯಿತು. ಹಾರಿ ರಂಗಕ್ಕೆ ಬಂದೆ. ಜನರೆಲ್ಲ ಝಲ್ ಎಂಬ ಸದ್ದಿಗೆ ಕಾದಿದ್ದರು. ಬರಲಿಲ್ಲ! "ಓ, ಗೆಜ್ಜೆ ಎಲ್ಲಿ?" ಎಂದು ಯಾರೋ ಕೂಗಿದರು. ಮುಂದಿನ ಸಾಲಿನ ಮಕ್ಕಳು ನಕ್ಕರು. ನನ್ನ ಕಿವಿ ಹುಡುಕಿತು, ಏನೂ ಸಿಗಲಿಲ್ಲ. ಎರಡನೆಯ ಸುತ್ತಿಗೇ ತಾಳ ತಪ್ಪಿತು. ಇನ್ನೊಂದು ಹೆಜ್ಜೆ ತಪ್ಪಿದ್ದರೆ ಪರದೆಯ ಒಳಗೆ ಓಡಿಹೋಗುತ್ತಿದ್ದೆ.

ಆಗ ಚೆಂಡೆಯವರು ಮುಂದಕ್ಕೆ ಬಾಗಿದರು. ಬಿಳಿ ಮೀಸೆಯ ಅಜ್ಜ ಅವರು, ಅಲ್ಲಿಯ ತನಕ ನನ್ನ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ಈಗ ಅವರ ಕಣ್ಣು ನನ್ನ ಪಾದದ ಮೇಲೆ. ನಾನು ಬಲಗಾಲು ಇಟ್ಟರೆ ಒಂದು ಪೆಟ್ಟು, ಎಡಗಾಲು ಇಟ್ಟರೆ ಒಂದು ಪೆಟ್ಟು. ನಾನು ಹೆದರಿ ಮೆಲ್ಲಗೆ ಇಟ್ಟರೆ ಅವರೂ ಮೆಲ್ಲಗೆ, ಜೋರಾಗಿ ಮೆಟ್ಟಿದರೆ ಅವರದೂ ಜೋರು. ನನಗೆ ಕಾಲು ಸಿಕ್ಕಿತು! ಹಲಗೆಯನ್ನೇ ಮೆಟ್ಟಿದೆ. ಧಡ್, ಧಡ್! ಬೆಂಚುಗಳು ನಡುಗಿದವು, ಧೂಳು ಎದ್ದಿತು. ಮಾಷ್ಟ್ರು ಸ್ವರವನ್ನು ಇನ್ನೂ ಒಂದು ಮೆಟ್ಟಿಲು ಏರಿಸಿದರು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ದಿಗಿಣಕ್ಕೆ ಸನ್ನೆ ಅದು.

ಹಾರಿದೆ. ಒಂದು! ಎರಡು! ಮೂರು! ಮೊದಲು ಎಣಿಸಿದ್ದು ಬ್ಯಾರಿ ಕಾಕ, ಶರಬತ್ತಿನ ಮೇಜನ್ನು ಬಿಟ್ಟು ಓಡಿ ಬಂದಿದ್ದರು. ಆಮೇಲೆ ಮಕ್ಕಳು, ಆಮೇಲೆ ಇಡೀ ಚಪ್ಪರ. ಎಂಟು, ಒಂಬತ್ತು, ಹತ್ತು! ಆಕಾಶ, ನೆಲ, ಆಕಾಶ, ನೆಲ. ಹದಿನೈದಕ್ಕೆ ಉಸಿರು ಮುಗಿಯಿತು. ಹದಿನಾರನೆಯದನ್ನು ಯಾರು ಹಾರಿಸಿದರೋ ನನಗೆ ಗೊತ್ತಿಲ್ಲ. ಇಪ್ಪತ್ತೊಂದಕ್ಕೆ ನಿಂತಾಗ ಚಪ್ಪರ ಹಾರಿಹೋಗುವ ಹಾಗೆ ಚಪ್ಪಾಳೆ. ಅಕ್ಕ ಬೆಂಚಿನ ಮೇಲೆ ಹತ್ತಿ, "ನನ್ನ ತಮ್ಮ, ನನ್ನ ತಮ್ಮ!" ಎಂದು ಕಿರುಚುತ್ತಿದ್ದಳು. ಈಗಲೂ ಫೋನು ಮಾಡಿದಾಗೆಲ್ಲ, ಆ ಇಪ್ಪತ್ತೊಂದರಲ್ಲಿ ಹತ್ತು ತನ್ನದು ಎಂದು ಜಗಳಕ್ಕೆ ಬರುತ್ತಾಳೆ!

ಆಟ ಮುಗಿಯುವಾಗ ಬಿಸಿಲು ಇನ್ನೂ ಇತ್ತು. ಅಪ್ಪ ಚೌಕಿಗೆ ಬಂದು, ನನ್ನನ್ನು ಡೆಸ್ಕಿನ ಮೇಲೆ ಕೂರಿಸಿ, ತೆಂಗಿನೆಣ್ಣೆಯಿಂದ ತಾವೇ ಬಣ್ಣ ತೆಗೆಯತೊಡಗಿದರು. ಗುರ್ಕಾರರೂ ಬಾಗಿಲ ತನಕ ಬಂದಿದ್ದರು. ತಪ್ಪು ಹುಡುಕಲೆಂದೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. "ಗೆಜ್ಜೆ ಯಾಕೆ ಇರಲಿಲ್ಲ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎಲ್ಲವನ್ನೂ ಪಟಪಟ ಹೇಳಿದಳು. ಅವರು ಬಾಳೆಲೆಯ ಮೇಲೆ ಇನ್ನೂ ಹಾಗೇ ಇದ್ದ ಆ ಒಂದು ಜೊತೆ ಗೆಜ್ಜೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೊರಗೆ ಹೋಗಿ, ಜಾಗಟೆ ಒರೆಸುತ್ತಿದ್ದ ಮಾಷ್ಟ್ರ ಎರಡೂ ಕೈ ಹಿಡಿದುಕೊಂಡರು.

ಅಪ್ಪ ನನ್ನ ಕೆನ್ನೆಯ ಬಣ್ಣ ಒರೆಸುತ್ತಲೇ ಇದ್ದರು. "ಗೆಜ್ಜೆ ಇಲ್ಲದೆ ನೀನು ರಂಗಕ್ಕೆ ಬಂದ ಕೂಡಲೇ ನನಗೆ ಎಲ್ಲ ಗೊತ್ತಾಯ್ತು ಮಗಾ. ಖುಷಿಯಾಯ್ತು. ತಾಳ ತಪ್ಪಿ ಎಲ್ಲಿ ಬೀಳ್ತಿಯೋ ಅಂತ ಹೆದರಿಕೆಯೂ ಆಯ್ತು" ಎಂದರು. ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಆಮೇಲೆ ಬ್ಯಾರಿ ಕಾಕ ನನಗೂ ಅಕ್ಕನಿಗೂ ಕೆಂಪು ಶರಬತ್ತು ಕೊಟ್ಟರು. ಅಷ್ಟು ಸಿಹಿಯಾದ ಶರಬತ್ತನ್ನು ನಾನು ಮತ್ತೆ ಎಲ್ಲೂ ಕುಡಿದಿಲ್ಲ.

ಮೊನ್ನೆ ಭಾನುವಾರ ಇದನ್ನು ಮೊಮ್ಮಗನಿಗೆ ಹೇಳಿದೆ. ಎಲ್ಲ ಕೇಳಿ ಅವನ ಮೊದಲ ಪ್ರಶ್ನೆ: "ವೀಡಿಯೋ ಉಂಟಾ ಅಜ್ಜ?" ಎಲ್ಲಿಯ ವೀಡಿಯೋ ಮಾರಾಯ! ಅವನ ಪ್ರಪಂಚವೇ ಬೇರೆ. ನಾವು ಗುಡ್ಡ ಇಳಿದು ನಡೆದು ಹೋಗುತ್ತಿದ್ದೆವು, ಅವನನ್ನು ಮನೆ ಬಾಗಿಲಿಂದ ಹಳದಿ ವ್ಯಾನು ಕರೆದೊಯ್ಯುತ್ತದೆ. ನಮಗೆ ವರ್ಷಕ್ಕೊಮ್ಮೆ ಆಟ, ಅವನಿಗೆ ಮೊಬೈಲಿನಲ್ಲಿ ದಿನಕ್ಕೆ ಹತ್ತು. ಬೇಡವಾದದ್ದನ್ನು ಬೆರಳಿನಿಂದ ಓಡಿಸಿಬಿಡುತ್ತಾನೆ. ನಮ್ಮ ಶಾಲೆಯಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತಿತ್ತು, ಅವನ ಶಾಲೆಯಲ್ಲಿ ಸಾವಿರ ಮಕ್ಕಳು, ಊಟಕ್ಕೇ ಒಂದು ದೊಡ್ಡ ಹಾಲ್. ಅಲ್ಲಿ ಅವನನ್ನು ಯಾರೂ ಅಡ್ಡಬೀಳು ಎನ್ನುವುದಿಲ್ಲ. ಇವನ ಕಾಲದಲ್ಲಿ ಅಂಥ ಕಷ್ಟವೇ ಇಲ್ಲ ಎಂದುಕೊಂಡಿದ್ದೆ.

ಆದರೆ ಅವನು ತಲೆ ತಗ್ಗಿಸಿ ಹೇಳಿದ: "ಅಜ್ಜ, ನಾನು ಊಟಕ್ಕೆ ಮೊದಲು ಶಿಲುಬೆಯ ಗುರುತು ಮಾಡುದು ಮೇಜಿನ ಅಡಿಯಲ್ಲಿ. ಬೆರಳಿನಲ್ಲಿ, ಸಣ್ಣದಾಗಿ. ಕಂಡರೆ ನಗಾಡ್ತಾರೆ." ನಾನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಬಾಳೆಲೆಯ ಮುಂದೆ ನಡುಗಿದ ಮೊಣಕಾಲು ನನ್ನದೇ ತಾನೆ? ಅವನ ತಲೆ ಸವರಿದೆ, ಅಷ್ಟೆ.

ನಿನ್ನೆ ಸಂಜೆ ವ್ಯಾನಿನಿಂದ ಇಳಿದವನೇ ಚೀಲವನ್ನೂ ಬಿಸಾಡದೆ ನನ್ನ ಹತ್ತಿರ ಓಡಿ ಬಂದ. "ಅಜ್ಜ, ಇವತ್ತು ಮೇಜಿನ ಮೇಲೆಯೇ ಮಾಡಿದೆ. ಹಣೆಯಿಂದ ಶುರು ಮಾಡಿ, ದೊಡ್ಡದಾಗಿ!"

"ನಗಾಡಿದ್ರಾ?"

"ಮೂರು ಜನ ನಗಾಡಿದ್ರು." ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಆದ್ರೆ ನನ್ನ ಪಕ್ಕದಲ್ಲಿ ಕೂತವ ಉಂಟಲ್ಲ ಅಜ್ಜ, ಅವ ತೆರೆದ ಡಬ್ಬಿಯನ್ನು ಮತ್ತೆ ಮುಚ್ಚಿದ. ನನ್ನ ಪ್ರಾರ್ಥನೆ ಮುಗಿಯುವ ತನಕ ಊಟ ಮಾಡದೆ ಕಾದ."